ಪ್ಯಾರಾಎಜುಕೇಟರ್ ಕೆಲಸ: ಐದಕ್ಕೆ ಮೂರೂವರೆ ಸ್ಟಾರ್

ಅಮೆರಿಕದ ಒಂದು ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಪ್ಯಾರಾಎಜುಕೇಟರ್, ಅಂದರೆ ಕ್ಲಾಸಿನಲ್ಲಿ ಟೀಚರ್‌ಗೆ ನೆರವಾಗುವವಳು, ಆಗಿ ಇದು ನನ್ನ ನಾಲ್ಕನೇ ವರ್ಷ. ಅಮ್ಮನಿಗೆ ಫೋನಿನಲ್ಲಿ 'ಟೀಚರ್' ಅಂತಲೇ ಹೇಳಿದ್ದೇನೆ. ಬಿಡಿಸಿ ಹೇಳಲು ಹೋದರೆ "ಆಯಾ ಕೆಲಸಾನಾ?" ಅಂತ ಕೇಳಿಬಿಡುತ್ತಾರೆ. ನಿಜ ಹೇಳಬೇಕೆಂದರೆ ಎರಡೂ ಅಲ್ಲ, ಎರಡೂ ಸ್ವಲ್ಪ ಸ್ವಲ್ಪ ಹೌದು.

ಅಂಗವೈಕಲ್ಯ ಇರುವ ಮಕ್ಕಳಿಗೂ ಸರ್ಕಾರಿ ಶಾಲೆಯಲ್ಲಿ ಉಚಿತವಾಗಿ ಕಲಿಸಲೇಬೇಕು ಅಂತ ಇಲ್ಲಿ 1975ರಲ್ಲೇ ಕಾನೂನು ಬಂತು. ಹಾಗಾಗಿ ವಿಶೇಷ ಶಿಕ್ಷಣ ಬೇಕಾದ ಅಂಥ ಪ್ರತಿ ಮಗುವಿಗೂ ಏನು ಕಲಿಸಬೇಕು, ಯಾವ ನೆರವು ಕೊಡಬೇಕು ಅಂತ ಐಇಪಿ ಅನ್ನುವ ಪ್ಲಾನ್ ಬರೆಯುತ್ತಾರೆ. ಪಾಠ ಟೀಚರ್ ಮಾಡುತ್ತಾರೆ. ಆ ಪಾಠ ಪಕ್ಕದಲ್ಲಿ ಕೂತ ಮಗುವಿಗೆ ಮುಟ್ಟುವ ಹಾಗೆ ಮಾಡುವುದು ನಾವು.

ಸೇರುವುದು ತೀರಾ ಕಷ್ಟವಲ್ಲ. ಬಡ ಮಕ್ಕಳು ಜಾಸ್ತಿ ಇರುವ ಶಾಲೆಗಳಿಗೆ ಕೇಂದ್ರ ಸರ್ಕಾರ 'ಟೈಟಲ್ ಒನ್' ಹಣ ಕೊಡುತ್ತದೆ. ಆ ಹಣದಲ್ಲಿ ಪಾಠಕ್ಕೆ ನೆರವಾಗುವವರಿಗೆ ಎರಡು ವರ್ಷದ ಕಾಲೇಜು ಓದಾದರೂ ಆಗಿರಬೇಕು, ಇಲ್ಲವೇ ಪರೀಕ್ಷೆ ಪಾಸಾಗಬೇಕು. ನನ್ನ ಬಿ.ಕಾಂ. ಇಲ್ಲಿನ ಯಾವ ಓದಿಗೆ ಸಮ ಅನ್ನುವ ಸರ್ಟಿಫಿಕೇಟ್ ಬರುವುದು ತಡವಾಯಿತು. ಕಾಯುವ ಬದಲು ಪ್ಯಾರಾಪ್ರೊ ಅನ್ನುವ ಅಂಥ ಪರೀಕ್ಷೆಗೇ ಕೂತೆ. 90 ಪ್ರಶ್ನೆ, ಎರಡೂವರೆ ಗಂಟೆ. ಓದು, ಬರಹ, ಲೆಕ್ಕ. ಭಿನ್ನರಾಶಿ ಮಾತ್ರ ಮಗಳ ಹತ್ತಿರ ಕೂತು ಹೇಳಿಸಿಕೊಂಡೆ.

ಕೆಲಸದ ಅಸಲಿ ಕಷ್ಟ ಸುಮ್ಮನಿರುವುದು. ನಾನು ನೋಡಿಕೊಳ್ಳುವ ಹುಡುಗ ಮಾತಾಡುವುದಿಲ್ಲ, ಟ್ಯಾಬ್ಲೆಟ್‌ನಲ್ಲಿ ಚಿತ್ರ ಒತ್ತಿ ಹೇಳುತ್ತಾನೆ. 'ನೀರು' ಒತ್ತಲು ಅವನ ಬೆರಳು ಪರದೆ ಮೇಲೆಲ್ಲಾ ಅಲೆಯುತ್ತದೆ. ಬಾಟಲಿ ನನ್ನ ಕೈಯಲ್ಲೇ ಇದೆ, ಏನು ಬೇಕು ಅಂತಲೂ ಗೊತ್ತು. ಆದರೂ ಕೊಡುವ ಹಾಗಿಲ್ಲ. ಮನಸ್ಸಿನಲ್ಲೇ ಕನ್ನಡದಲ್ಲಿ ಹತ್ತರವರೆಗೆ ಎಣಿಸುತ್ತೇನೆ. ಆಮೇಲೆ ಕಣ್ಸನ್ನೆ, ಆಮೇಲೆ ಬೆರಳು ತೋರಿಸುವುದು, ಕೈ ಹಿಡಿಯುವುದು ಕಟ್ಟಕಡೆಗೆ. ತುತ್ತು ಕಲಸಿ ಬಾಯಿಗಿಟ್ಟು ಮಕ್ಕಳನ್ನು ಬೆಳೆಸಿದವಳಿಗೆ ಇದು ಎಷ್ಟು ಹಿಂಸೆ ಗೊತ್ತಾ? ಮೊದಲ ವರ್ಷ ಎಲ್ಲಾ ನಾನೇ ಮಾಡಿಕೊಟ್ಟು ಟೀಚರ್ ಹತ್ತಿರ ಮೆತ್ತಗೆ ಬೈಸಿಕೊಂಡಿದ್ದೆ.

ಸಂಬಳದ ಬಗ್ಗೆ ಏನು ಹೇಳೋದು. ಗಂಟೆ ಲೆಕ್ಕ, ಅದೂ ಕಡಿಮೆ. ಬೇಸಿಗೆ ರಜೆಯಲ್ಲಿ ನನಗೆ ಏನೂ ಬರುವುದಿಲ್ಲ. ಒಬ್ಬರ ದುಡಿಮೆಯಲ್ಲೇ ಮನೆ ನಡೆಯಬೇಕು ಅಂದರೆ ಇದನ್ನು ನಂಬಿಕೊಳ್ಳಬೇಡಿ. ಯಾರಾದರೂ ರಜೆ ಹಾಕಿದರೆ ಬೆಳಿಗ್ಗೆ ಎಂಟಕ್ಕೆ ಇನ್ನೊಂದು ಕ್ಲಾಸಿಗೆ ಎತ್ತಿಹಾಕುತ್ತಾರೆ. ಮುಂಗೈ ಮೇಲೆ ಎರಡು ಸಲ ಹಲ್ಲಿನ ಗುರುತು ಬಿದ್ದಿದೆ. ಫೈರ್ ಡ್ರಿಲ್ ಗಂಟೆ ಹೊಡೆದಾಗ ಗಾಬರಿಯಿಂದ ಕಚ್ಚಿದ್ದು, ಮಗುವಿನ ಮೇಲೆ ಸಿಟ್ಟಿಲ್ಲ. ಆದರೆ ಡ್ರಿಲ್ ಇದೆ ಅಂತ ಆಫೀಸಿನವರು ನನಗೆ ಒಂದು ಮಾತು ಮೊದಲೇ ಹೇಳಬಹುದಿತ್ತು ಅಲ್ವಾ? ಹೆಡ್‌ಫೋನ್ ಹಾಕಿ ಕೂರಿಸುತ್ತಿದ್ದೆ.

ಇನ್ನೊಂದು ಕೊರಗು. ದಿನವಿಡೀ ಆ ಹುಡುಗನ ಜೊತೆ ಇರುವವಳು ನಾನು. ಅವನ ಐಇಪಿ ಮೀಟಿಂಗಿಗೆ ಮಾತ್ರ ನಮ್ಮ ಶಾಲೆಯಲ್ಲಿ ಇದುವರೆಗೆ ಒಮ್ಮೆಯೂ ಕರೆದಿಲ್ಲ. ಸಂಜೆ ಕರೆದುಕೊಂಡು ಹೋಗಲು ಬರುವ ಅವನ ಅಮ್ಮ ಕಾರಿನ ಕಿಟಕಿ ಇಳಿಸಿ "ಇವತ್ತು ಹೇಗಿದ್ದ?" ಅಂತ ಕೇಳುತ್ತಾರೆ. ಹೇಳುವುದು ಬೇಕಾದಷ್ಟಿದೆ. ಆದರೆ ಏನಿದ್ದರೂ ಟೀಚರ್ ಮೂಲಕವೇ ಹೋಗಬೇಕು ಅನ್ನುವುದು ನಮ್ಮಲ್ಲಿನ ನಿಯಮ. ನಕ್ಕು ಕೈ ಬೀಸುತ್ತೇನೆ.

ಒಳ್ಳೆಯದೂ ಇದೆ, ಇಲ್ಲದಿದ್ದರೆ ನಾಲ್ಕು ವರ್ಷ ಇರುತ್ತಿದ್ದೆನಾ? ನನ್ನ ಮಕ್ಕಳಿಗೆ ರಜೆ ಇದ್ದ ದಿನ ನನಗೂ ರಜೆ. ಮನೆಗೆ ಹೊತ್ತು ತಂದು ತಿದ್ದುವ ಪುಸ್ತಕದ ಕಟ್ಟು ಇಲ್ಲ. ಮುಂದೆ ಟೀಚರ್ ಆಗಬೇಕು ಅಂದುಕೊಂಡವರಿಗೆ ಇದಕ್ಕಿಂತ ಒಳ್ಳೆಯ ತರಬೇತಿ ನನಗಂತೂ ಕಾಣೆ.

ಸೇರುವ ಮೊದಲು ಇಷ್ಟು ಕೇಳಿಕೊಳ್ಳಿ: ವಾರಕ್ಕೆ ಎಷ್ಟು ಗಂಟೆ, ಅಷ್ಟಕ್ಕೆ ಆರೋಗ್ಯ ವಿಮೆ ಸಿಗುತ್ತದಾ? ಒಂದೇ ಮಗುವಿಗೆ ಅಂತ ತೆಗೆದುಕೊಂಡರೆ, ಆ ಮಗು ಬೇರೆ ಊರಿಗೆ ಹೋದ ಮೇಲೆ ನಿಮ್ಮ ಗತಿ ಏನು?

ಹೋದ ಚಳಿಗಾಲದಲ್ಲಿ ಆ ಹುಡುಗ ತನ್ನ ಜಾಕೆಟ್ ಜಿಪ್ ತಾನೇ ಎಳೆದುಕೊಂಡ. ನಾನು ಅಭ್ಯಾಸಬಲದಿಂದ ಕೈ ಚಾಚಿದರೆ ತಳ್ಳಿಬಿಟ್ಟ. ಮುಂದಿನ ವರ್ಷದ ಪ್ಲಾನಿನಲ್ಲಿ ಅವನ ಜೊತೆ ನನಗಿರುವ ಹೊತ್ತು ಅರ್ಧಕ್ಕೆ ಇಳಿದಿದೆ. ಉಳಿದ ಅರ್ಧ ದಿನ ನನಗೆ ಎಲ್ಲಿ ಕೆಲಸ, ಇದೆಯೋ ಇಲ್ಲವೋ, ಆಫೀಸಿನವರು ಇನ್ನೂ ಹೇಳಿಲ್ಲ.