ಸಿನಾಲಜಿ ನ್ಯಾಸ್, ಹೈಪರ್ ಬ್ಯಾಕಪ್, ಸರದಿಯ ಮೇಲೆ ಎರಡು ಡಿಸ್ಕ್: ದೀರ್ಘ ಬಳಕೆಯ ನಂತರ

ಪೆಟ್ಟಿಗೆ ಸಿನಾಲಜಿ ಡಿಎಸ್220 ಪ್ಲಸ್: ಮನೆಯ ನೆಟ್‌ವರ್ಕ್‌ಗೆ ಸೇರಿಸಿಟ್ಟ ಡಿಸ್ಕ್ ಪೆಟ್ಟಿಗೆ, ಅಂದರೆ ನ್ಯಾಸ್. ಒಳಗೆ ರೇಡ್ 1ರಲ್ಲಿ (ಎರಡರಲ್ಲೂ ಅದೇ ಡೇಟಾ) ಎರಡು 4 ಟಿಬಿ ಡಿಸ್ಕ್, ಅದರಲ್ಲಿ ತುಂಬಿರುವುದು ಸುಮಾರು 1.8 ಟಿಬಿ: ಫೋಟೊ, ವಿಡಿಯೊ, ಸ್ಕ್ಯಾನ್ ಮಾಡಿಟ್ಟ ಮನೆಪತ್ರಗಳು. ಬ್ಯಾಕಪ್‌ಗೆಂದು 4 ಟಿಬಿಯ ಎರಡು ಯುಎಸ್‌ಬಿ ಡಿಸ್ಕ್. ಒಂದು ನ್ಯಾಸ್‌ನ ಹಿಂದೆ ಸಿಕ್ಕಿಸಿರುತ್ತದೆ, ಇನ್ನೊಂದು ನೆಂಟರ ಮನೆಯ ಬೀರುವಿನಲ್ಲಿರುತ್ತದೆ. ತಿಂಗಳಿಗೊಮ್ಮೆ ಅದಲುಬದಲು.

ರೇಡ್ ಇದೆಯಲ್ಲ, ಮತ್ತೆ ಇದೆಲ್ಲ ಯಾಕೆ ಅನ್ನುವವರಿದ್ದಾರೆ. ರೇಡ್ ಕಾಯುವುದು ಒಂದು ಡಿಸ್ಕ್ ಸತ್ತಾಗ ಮಾತ್ರ. ಕೈತಪ್ಪಿ ಅಳಿಸಿದ ಫೋಲ್ಡರ್ ಎರಡೂ ಡಿಸ್ಕ್‌ನಿಂದ ಒಟ್ಟಿಗೇ ಹೋಗುತ್ತದೆ. 2021ರ ಜೂನ್‌ನಲ್ಲಿ ಡಬ್ಲ್ಯುಡಿ ಮೈ ಬುಕ್ ಲೈವ್ ಪೆಟ್ಟಿಗೆಗಳನ್ನು ಯಾರೋ ಇಂಟರ್‌ನೆಟ್ ಮೂಲಕವೇ ರಿಸೆಟ್ ಮಾಡಿ ಖಾಲಿ ಮಾಡಿದರು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ, ಬಿಡುಗಡೆಗೆ ಹಣ ಕೇಳುವ ರ‍್ಯಾನ್ಸಮ್‌ವೇರ್ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಪೆಟ್ಟಿಗೆಗಳಲ್ಲಿದ್ದ ಫೈಲುಗಳಿಗೆ ಬೀಗ ಜಡಿಯಿತು. ಬೀರುವಿನಲ್ಲಿ ಮಲಗಿರುವ ಡಿಸ್ಕ್‌ಗೆ ಇಂಥದ್ದು ಯಾವುದೂ ತಾಗುವುದಿಲ್ಲ. ಮುಂಗಾರಿಗೆ ಮುಂಚಿನ ಸಿಡಿಲು ಕೂಡ ಅಷ್ಟೆ.

ಸಿನಾಲಜಿಯ ಬ್ಯಾಕಪ್ ತಂತ್ರಾಂಶವಾದ ಹೈಪರ್ ಬ್ಯಾಕಪ್‌ನಲ್ಲಿ ಮೊದಲು ಎಡವುವುದು ಟಾಸ್ಕ್ (ಏನನ್ನು, ಎಲ್ಲಿಗೆ, ಯಾವಾಗ ನಕಲಿಸಬೇಕೆಂಬ ಏರ್ಪಾಡು) ಲೆಕ್ಕದಲ್ಲಿ. ಎರಡು ಡಿಸ್ಕ್‌ಗೆ ಒಂದೇ ಟಾಸ್ಕ್ ಸಾಕು ಅಂದುಕೊಳ್ಳಬೇಡಿ. ಪ್ರತಿ ಡಿಸ್ಕ್‌ನಲ್ಲೂ ಅದರದ್ದೇ ಹಳೆಯ ಆವೃತ್ತಿಗಳ ಸರಪಳಿ ಇರುತ್ತದೆ, ಟಾಸ್ಕ್ ಹುಡುಕುವುದು ಆ ಸರಪಳಿಯನ್ನೇ. ಹಾಗಾಗಿ ಡಿಸ್ಕ್‌ಗೊಂದು ಟಾಸ್ಕ್ ಮಾಡಿ, ಹೆಸರಲ್ಲೇ ಗುರುತಿಡಿ: 'ಕೆಂಪು', 'ನೀಲಿ'. ಅದೇ ಬಣ್ಣದ ಇನ್ಸುಲೇಷನ್ ಟೇಪ್ ಡಿಸ್ಕ್ ಮೇಲೂ ಇರಲಿ. ಯುಎಸ್‌ಬಿಶೇರ್1, ಯುಎಸ್‌ಬಿಶೇರ್2 ಅಂತ ಡಿಎಸ್‌ಎಂ (ನ್ಯಾಸ್‌ನ ಕಾರ್ಯಾಚರಣ ವ್ಯವಸ್ಥೆ) ಕೊಡುವ ಹೆಸರು ನೋಡಿ ಯಾವ ಡಿಸ್ಕ್ ಯಾವುದು ಎಂದು ತೀರ್ಮಾನಿಸಲು ಆಗದು.

ಎರಡು ಟಾಸ್ಕ್ ಆದ ಕೂಡಲೇ ಇನ್ನೊಂದು ಕಿರಿಕಿರಿ. ಎರಡಕ್ಕೂ ದಿನನಿತ್ಯದ ವೇಳಾಪಟ್ಟಿ ಹಾಕಿದರೆ ಊರಾಚೆ ಇರುವ ಡಿಸ್ಕ್‌ನ ಟಾಸ್ಕ್ ಪ್ರತಿ ರಾತ್ರಿ ಸೋಲುತ್ತದೆ, ಬೆಳಿಗ್ಗೆ ಮೇಲ್ ಬಂದು ಕೂತಿರುತ್ತದೆ. ಎರಡು ವಾರದಲ್ಲಿ ಆ ಮೇಲ್ ತೆರೆಯುವುದೇ ನಿಂತುಹೋಗುತ್ತದೆ. ಆಮೇಲೆ ನಿಜವಾಗಿ ಬ್ಯಾಕಪ್ ಕೆಟ್ಟಾಗಲೂ ತಿಳಿಯುವುದಿಲ್ಲ. ಅದಲುಬದಲಿನ ದಿನವೇ ಹೋಗುವ ಡಿಸ್ಕ್‌ನ ವೇಳಾಪಟ್ಟಿ ಆಫ್, ಬರುವುದರದ್ದು ಆನ್: ಎರಡು ನಿಮಿಷದ ಕೆಲಸ. ಇದನ್ನು ತಂತ್ರಾಂಶ ತಾನೇ ಮಾಡುವಂತಿದ್ದರೆ ಐದಕ್ಕೆ ಐದು ಅಂಕ ಕೊಡಬಹುದಿತ್ತು, ಈಗ ನಾಲ್ಕು.

ಬ್ಯಾಕಪ್ ಮುಗಿದ ಮೇಲೆ ಡಿಸ್ಕ್ ಅನ್ನು ತಾನೇ ಕಳಚುವ ಆಯ್ಕೆಯೊಂದು ಸೆಟ್ಟಿಂಗ್‌ನಲ್ಲಿದೆ. ನೋಡಲು ಚೆನ್ನಾಗಿದೆ. ಆದರೆ ಹಾಗೆ ಕಳಚಿದ ಡಿಸ್ಕ್ ಕೇಬಲ್ ಕಿತ್ತು ಮತ್ತೆ ಸಿಕ್ಕಿಸುವ ತನಕ ನ್ಯಾಸ್‌ಗೆ ಕಾಣುವುದಿಲ್ಲ, ಮರುರಾತ್ರಿಯ ಬ್ಯಾಕಪ್ ಸೋಲುತ್ತದೆ. ಇಂಟೆಗ್ರಿಟಿ ಚೆಕ್‌ಗೂ (ಬ್ಯಾಕಪ್ ಕೆಟ್ಟಿಲ್ಲವೇ ಎಂಬ ತಪಾಸಣೆ) ಡಿಸ್ಕ್ ಇರುವುದಿಲ್ಲ. ವಾರಕ್ಕೊಮ್ಮೆ ಕೈಯಾರೆ ಸಿಕ್ಕಿಸುವವರಿಗೆ ಅದು ಸರಿ, ದಿನಾ ಓಡಿಸುವವರಿಗೆ ಬೇಡ.

ಅದಲುಬದಲಿನ ಕ್ರಮ ಹೀಗಿದೆ. ಹಿಂದಿನ ರಾತ್ರಿ ಇಂಟೆಗ್ರಿಟಿ ಚೆಕ್ ಓಡಿಸಿ. ಬೆಳಿಗ್ಗೆ ಕೊನೆಯ ಬ್ಯಾಕಪ್ ಯಶಸ್ವಿಯಾಗಿದೆಯೇ ನೋಡಿ, ಕಂಟ್ರೋಲ್ ಪ್ಯಾನೆಲ್‌ನ ಎಕ್ಸ್‌ಟರ್ನಲ್ ಡಿವೈಸಸ್‌ನಲ್ಲಿ ಇಜೆಕ್ಟ್ ಒತ್ತಿ. ಡಿಸ್ಕ್ ಪಟ್ಟಿಯಿಂದ ಮಾಯವಾದ ಮೇಲಷ್ಟೇ ಕೇಬಲ್‌ಗೆ ಕೈ ಹಾಕಿ. ಟೇಪ್ ಮೇಲೆ ತಾರೀಕು ಬರೆಯಿರಿ. ಈ ಡಿಸ್ಕ್ ಅನ್ನು ಅಲ್ಲಿಗೆ ಒಯ್ದಿಟ್ಟು, ಅಲ್ಲಿದ್ದದ್ದನ್ನು ತನ್ನಿ. ಮೊದಲೇ ಅದನ್ನು ತರಿಸಿಕೊಂಡು 'ನಾಳೆ ಇದನ್ನು ಒಯ್ದರಾಯಿತು' ಅಂತ ಇಟ್ಟರೆ ಮೂಲವೂ ಎರಡೂ ಪ್ರತಿಗಳೂ ಒಂದೇ ಸೂರಿನಡಿ ಸೇರುತ್ತವೆ. ನಾಳೆ ಅನ್ನುವುದು ಮೂರು ವಾರಕ್ಕೆ ಎಳೆಯುತ್ತದೆ. ತಂದ ಡಿಸ್ಕ್ ಸಿಕ್ಕಿಸಿದ ಮೇಲೆ ರಾತ್ರಿಗೆ ಕಾಯದೆ ಆಗಲೇ ಕೈಯಾರೆ ಒಮ್ಮೆ ಬ್ಯಾಕಪ್ ಓಡಿಸಿ, ತಿಂಗಳ ಬಾಕಿ ತೀರಲಿ.

ವೇಗದ ವಿಷಯ. ಸೆಕೆಂಡಿಗೆ 100 ಎಂಬಿ ಸಿಕ್ಕರೆ 1.8 ಟಿಬಿಗೆ ಐದು ಗಂಟೆ. ಆದರೆ ಅಂಗೈಯಗಲದ ಎರಡೂವರೆ ಇಂಚಿನ ಪೋರ್ಟಬಲ್ ಡಿಸ್ಕ್‌ಗಳಲ್ಲಿ, ಅದೂ ದೊಡ್ಡ ಗಾತ್ರದವುಗಳಲ್ಲಿ, ಹೆಚ್ಚಿನವು ಎಸ್‌ಎಂಆರ್ ಮಾದರಿಯವು: ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಅಂಚು ಹಾದ ಟ್ರ್ಯಾಕ್‌ಗಳು. ಒಂದನ್ನು ತಿದ್ದಬೇಕಾದರೆ ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಕ್ಯಾಶ್ (ಬರೆಯುವ ಮುನ್ನ ಡೇಟಾ ತಂಗುವ ವೇಗದ ಜಾಗ) ತುಂಬಿದ ಮೇಲೆ ವೇಗ 40ಕ್ಕೆ ಇಳಿದರೆ ಅದೇ ಕೆಲಸಕ್ಕೆ ಹನ್ನೆರಡೂವರೆ ಗಂಟೆ. ಮೊದಲ ಬ್ಯಾಕಪ್‌ಗೆ ಮಾತ್ರ ಈ ಕಷ್ಟ; ಆಮೇಲೆ ಹೋಗುವುದು ಬದಲಾದ ಭಾಗಗಳಷ್ಟೇ. ಮೂರೂವರೆ ಇಂಚಿನದ್ದಕ್ಕೆ 12 ವೋಲ್ಟ್ ಅಡಾಪ್ಟರ್ ಬೇಕು, ಆ ಅಡಾಪ್ಟರ್ ಕೂಡ ಯುಪಿಎಸ್ ಮೇಲಿರಬೇಕು. ನ್ಯಾಸ್‌ಗೆ ಮಾತ್ರ ಯುಪಿಎಸ್ ಕೊಟ್ಟು ಇದನ್ನು ಗೋಡೆಯ ಪ್ಲಗ್‌ಗೆ ಹಾಕಿದರೆ ಕರೆಂಟ್ ಹೋದಾಗಲೆಲ್ಲ ಬರೆಯುತ್ತಿದ್ದ ಡಿಸ್ಕ್ ನಡುವಲ್ಲೇ ಸಾಯುತ್ತದೆ. ಹಾಗಾಗಿ ಇಲ್ಲಿ ನಿಧಾನವಾದರೂ ಪೋರ್ಟಬಲ್ಲೇ ವಾಸಿ.

ಪೋರ್ಟಬಲ್‌ನ ದುರ್ಬಲ ಜಾಗ ಅದರ ಚಪ್ಪಟೆ, ಅಗಲ ಬಾಯಿಯ ಮೈಕ್ರೋ-ಬಿ ಕನೆಕ್ಟರ್. ಕೇಬಲ್ ತಿರುಚಿ ನಿಂತಿದ್ದರೆ ಕಸ ಗುಡಿಸುವಾಗ ಪೊರಕೆ ತಗುಲಿದರೂ ಸಾಕು, ಸಂಪರ್ಕ ತಪ್ಪುತ್ತದೆ. ಸರಿಯಾಗಿ ಇಜೆಕ್ಟ್ ಮಾಡಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಅದು ಎರಡನೇ ಸಲ ಕಂಡರೆ ಡಿಸ್ಕ್ ಅನ್ನು ಬೈಯುವ ಮೊದಲು ಕೇಬಲ್ ಬದಲಿಸಿ ನೋಡಿ. ಬೀರುವಿನಲ್ಲಿಡುವ ಡಿಸ್ಕ್ ಜಿಪ್‌ಲಾಕ್ ಚೀಲದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜತೆ ಇರಲಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಪೊಟ್ಟಣವನ್ನು ಪ್ರತಿ ಸರದಿಗೂ ಬದಲಿಸುವುದು ಒಳ್ಳೆಯದು.

ಬೇರೆಯವರ ಮನೆಯಲ್ಲಿಡುವ ಡಿಸ್ಕ್‌ಗೆ ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡುವುದು) ಬೇಕೇ ಬೇಕು. ಟಾಸ್ಕ್ ಮಾಡುವಾಗಲೇ ಅದನ್ನು ಟಿಕ್ ಮಾಡಿ, ಆಮೇಲೆ ಸೇರಿಸಲು ಬರುವುದಿಲ್ಲ; ಮರೆತರೆ 1.8 ಟಿಬಿ ಮೊದಲಿಂದ. ಪಾಸ್‌ವರ್ಡ್ ಜತೆಗೆ ಡೌನ್‌ಲೋಡ್ ಆಗುವ ಕೀ ಫೈಲನ್ನು ನ್ಯಾಸ್ ಒಳಗೇ ಇಟ್ಟುಕೊಂಡು ನಿಶ್ಚಿಂತೆಯಾಗಿರುವವರು ಬಹಳ. ನ್ಯಾಸ್ ಕಳೆದ ದಿನ ಕೀಯೂ ಕಳೆದಿರುತ್ತದೆ. ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ, ಪಾಸ್‌ವರ್ಡ್ ಕಾಗದದ ಮೇಲೆ; ಇವೆರಡೂ, ಡಿಸ್ಕ್ ಇರುವ ಬೀರುವಿನಿಂದ ದೂರ ಇರಲಿ.

ವಾಪಸ್ ಪಡೆಯುವುದನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ, ನ್ಯಾಸ್ ಇಲ್ಲದೆಯೇ. ಡಿಸ್ಕ್ ಲಿನಕ್ಸ್‌ನ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4ನಲ್ಲಿ ಫಾರ್ಮ್ಯಾಟ್ ಆಗಿದ್ದರೆ ವಿಂಡೋಸ್ ಅದನ್ನು ಓದುವುದಿಲ್ಲ, ಡ್ರೈವ್ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಗಾಬರಿಯಲ್ಲಿ ಹೂಂ ಅಂದುಬಿಡಬೇಡಿ. ಉಬುಂಟು ಎಂಬ ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್‌ನಲ್ಲಿ, ಈ ಬ್ಯಾಕಪ್‌ಗಳನ್ನು ಓದುವ ಹೈಪರ್ ಬ್ಯಾಕಪ್ ಎಕ್ಸ್‌ಪ್ಲೋರರ್ ತೆರೆದು, ಪಾಸ್‌ವರ್ಡ್ ಕೊಟ್ಟು, ಎರಡು ತಿಂಗಳ ಹಿಂದಿನ ಆವೃತ್ತಿಯಿಂದ ಒಂದು ಫೋಟೊ ಫೋಲ್ಡರ್, ಒಂದು ದೊಡ್ಡ ವಿಡಿಯೊ ಹೊರತೆಗೆಯಿರಿ. ವಿಡಿಯೊವನ್ನು ಕೊನೆಯವರೆಗೆ ಎಳೆದು ನೋಡಿ. ಮೊದಲ ಹತ್ತು ಸೆಕೆಂಡ್ ಓಡಿದ್ದು ಲೆಕ್ಕಕ್ಕಿಲ್ಲ.