ಕೆಂಡದ ಮೇಲಿನ ಬ್ರೆಡ್‌ಗೆ ಯಾವುದು ಸರಿ: ಬಾಣಲೆಯೋ, ಡಚ್ ಅವನ್ನೋ, ಬರೀ ಕೋಲೋ?

ಶಿಬಿರದ ಬೆಂಕಿಯಲ್ಲಿ ಬ್ರೆಡ್ ಮಾಡಲು ಒಂದೇ ಪಾತ್ರೆಗೆ ದುಡ್ಡು ಹಾಕುವುದಾದರೆ ಬೀಡು ಕಬ್ಬಿಣದ ಚಪ್ಪಟೆ ತಳದ ಬಾಣಲೆಗೆ ಹಾಕಿ. 20 ಸೆಂಟಿಮೀಟರ್ ಅಗಲದ್ದು ಸಾಕು. ಡಚ್ ಅವನ್ (ಮುಚ್ಚಳದ ಮೇಲೂ ಕೆಂಡ ಹಾಕುವ ದಪ್ಪ ಕಬ್ಬಿಣದ ಪಾತ್ರೆ), ತೆಳು ಅಲ್ಯೂಮಿನಿಯಂ ತಟ್ಟೆ, ಕೋಲು, ಬೂದಿ ಎಲ್ಲದರಲ್ಲೂ ಅದೇ ಹಿಟ್ಟನ್ನು ಬೇಯಿಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಡಚ್ ಅವನ್‌ನಲ್ಲಿ ಬ್ರೆಡ್ ಇನ್ನೂ ಚೆನ್ನಾಗಿ ಉಬ್ಬುತ್ತದೆ, ಸುಳ್ಳಲ್ಲ. ಆದರೆ ಅದು ಕೇಳುವ ಚಾಕರಿಯೂ ಅಷ್ಟೇ ದೊಡ್ಡದು.

ಹಿಟ್ಟು ಬ್ಯಾನಕ್ ಜಾತಿಯದು, ಅಂದರೆ ಯೀಸ್ಟ್ ಇಲ್ಲದ್ದು. ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ ಎರಡೂವರೆ ಟೀ ಚಮಚ, ಉಪ್ಪು ಅರ್ಧ ಚಮಚ, ಬೆಣ್ಣೆ 30 ಗ್ರಾಂ, ನೀರು 150ರಿಂದ 160 ಮಿಲಿ. ಬಣ್ಣ ಬೇಗ ಬರಲಿ ಎಂದರೆ ಎರಡು ಚಮಚ ಹಾಲಿನ ಪುಡಿ ಸೇರಿಸಿ. ಒಣಪದಾರ್ಥಗಳಿಗೆ ಬೆಣ್ಣೆ ಉಜ್ಜಿ ಚೀಲಕ್ಕೆ ತುಂಬುವುದು ಮನೆಯಲ್ಲೇ ಮುಗಿಯಲಿ. ನೀರು ಮಾತ್ರ ಕೆಂಡ ಸಿದ್ಧವಾದ ಮೇಲೆ ಹಾಕಿ. ನೀರು ತಾಗಿದ ಕ್ಷಣದಿಂದಲೇ ಬೇಕಿಂಗ್ ಪೌಡರ್ ಗಾಳಿ ಬಿಡತೊಡಗುತ್ತದೆ. ಕಲಸಿಟ್ಟು ಆಮೇಲೆ ಸೌದೆ ಹುಡುಕಲು ಹೊರಟರೆ ಆ ಗಾಳಿಯಲ್ಲಿ ಒಂದು ಪಾಲು ಸುಮ್ಮನೆ ಹೋಯಿತು. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ಒಣಹಿಟ್ಟು ಕಾಣದಂತಾದರೆ ನಿಲ್ಲಿಸಿ. ಮುದ್ದೆ ಸ್ವಲ್ಪ ಜಿಗುಟಾಗಿ, ಒರಟೊರಟಾಗಿಯೇ ಇರಲಿ. ನಾದಿದಷ್ಟೂ ಬ್ರೆಡ್ ರಬ್ಬರಾಗುತ್ತದೆ.

ಬೇಯಬೇಕಾದ್ದು ಕೆಂಡದಲ್ಲಿ, ಉರಿಯಲ್ಲಲ್ಲ. ಗಟ್ಟಿ ಸೌದೆ ಉರಿದು ಕೆಂಡವಾಗಲು ಮುಕ್ಕಾಲು ಗಂಟೆ ಬೇಕು. ಕೆಂಡದ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿಯಿರಿ. ಎರಡೇ ಸೆಕೆಂಡಿಗೆ ಕೈ ಹಿಂದಕ್ಕೆ ಬಂದರೆ ಕಾವು ಜಾಸ್ತಿ, ಐದಾರು ಸೆಕೆಂಡು ತಾಳಿದರೆ ಹದ.

ಬಾಣಲೆಗೆ ಎಣ್ಣೆ ಸವರಿ, ಹಿಟ್ಟನ್ನು ಒಂದು ಬೆರಳು ದಪ್ಪಕ್ಕೆ ತಟ್ಟಿ ಕೆಂಡದ ಮೇಲಿಡಿ. ನಿಮಿಷಕ್ಕೊಮ್ಮೆ ಕಾಲು ಸುತ್ತು ತಿರುಗಿಸುತ್ತಿರಿ. ಐದಾರು ನಿಮಿಷದಲ್ಲಿ ತಳ ಗಟ್ಟಿಯಾಗುತ್ತದೆ. ಅಲ್ಲಾಡಿಸಿದರೆ ಬ್ರೆಡ್ ಒಂದೇ ತುಂಡಾಗಿ ಜಾರಬೇಕು. ಆಗ ಬಾಣಲೆಯನ್ನು ಈಚೆಗೆ ತೆಗೆದು, ಹಿಂದೊಂದು ಕಲ್ಲು ಕೊಟ್ಟು, ಬ್ರೆಡ್ಡಿನ ಮುಖ ಉರಿಯ ಕಡೆಗಿರುವಂತೆ ಓರೆಯಾಗಿ ನಿಲ್ಲಿಸಿ. ಉರಿಗೂ ಅದಕ್ಕೂ ಒಂದಡಿ ಅಂತರ. ಬೆಂಕಿಯ ಒಂದು ಬದಿ ಕೆಂಡ, ಇನ್ನೊಂದು ಬದಿ ಸಣ್ಣ ಉರಿ ಇಟ್ಟುಕೊಳ್ಳುವುದು ಇದಕ್ಕೇ. ಹತ್ತು ಹನ್ನೆರಡು ನಿಮಿಷದಲ್ಲಿ ಮೇಲ್ಮೈ ಕೆಂಪಗಾಗುತ್ತದೆ. ದಪ್ಪ ಕಬ್ಬಿಣ ಹಿಡಿದಿಟ್ಟುಕೊಂಡ ಕಾವು ಅಷ್ಟರಲ್ಲಿ ಕೆಳಗಿನಿಂದ ನಡುಭಾಗವನ್ನು ಬೇಯಿಸಿರುತ್ತದೆ. ಮುಚ್ಚಳವೂ ಬೇಡ, ಮಗುಚುವ ಗೋಜೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಏನಾಗುತ್ತಿದೆ ಎನ್ನುವುದು ಕಣ್ಣೆದುರಿಗೇ ಇರುತ್ತದೆ. ಒರಗಿಸುವ ಕಲ್ಲು ಹೊಳೆಯೊಳಗಿನದಾಗದಿರಲಿ: ಒಳಗೆ ನೀರು ಸೇರಿದ ಕಲ್ಲು ಕಾದರೆ ಸಿಡಿಯಬಹುದು. ಹಿಡಿ ಹಿಡಿಯಲು ಒಣಬಟ್ಟೆಯೇ ಬೇಕು, ಒದ್ದೆ ಬಟ್ಟೆಯ ಹಬೆ ಕೈ ಸುಡುತ್ತದೆ.

ಇನ್ನು ಡಚ್ ಅವನ್. ಇದರ ತಕರಾರು ಒಂದೇ, ಆದರೆ ಪ್ರಾಣ ತಿನ್ನುವಂಥದ್ದು: ಮೇಲೆ ಇನ್ನೂ ಬೆಳ್ಳಗಿರುವಾಗಲೇ ತಳ ಸೀದಿರುತ್ತದೆ. ಇದ್ದಿಲಿನ ಲೆಕ್ಕ ಎಲ್ಲರೂ ಹೇಳುತ್ತಾರೆ. 25 ಸೆಂಟಿಮೀಟರಿನ ಪಾತ್ರೆಗೆ ಸುಮಾರು 21 ಇದ್ದಿಲು ಬಿಲ್ಲೆ, 14 ಮುಚ್ಚಳದ ಮೇಲೆ, 7 ಕೆಳಗೆ. ಒಳಗೆ ಸುಮಾರು 175 ಡಿಗ್ರಿ ಸೆಲ್ಸಿಯಸ್. ಲೆಕ್ಕ ಸರಿಯೇ, ಆದರೆ ಅದು ಒಂದೇ ಅಳತೆಯ ಬಿಲ್ಲೆಗಳಿಗೆ. ಸೌದೆಯ ಕೆಂಡ ಒಂದು ಮುಷ್ಟಿಯಷ್ಟಿರುತ್ತದೆ, ಇನ್ನೊಂದು ಬೆರಳಿನಷ್ಟು. ಒಂದು ಧಗಧಗ, ಇನ್ನೊಂದು ಅರ್ಧ ಬೂದಿ. ಎಣಿಸಿ ಇಟ್ಟು ಏನೂ ಪ್ರಯೋಜನವಿಲ್ಲ. ಅದರ ಮೇಲೆ ಗಾಳಿ ಬೀಸುವ ಕಡೆಯ ಕೆಂಡ ಬೇಗ ಹೊತ್ತಿ ಆ ಬದಿಯ ಬ್ರೆಡ್ ಮೊದಲು ಕರಿಯಾಗುತ್ತದೆ.

ಪರಿಹಾರ ಇಲ್ಲವೆಂದಲ್ಲ. ಕೆಳಗಿನ ಕೆಂಡವನ್ನು ಪಾತ್ರೆಯ ಅಂಚಿಗೆ ಬಳೆಯಾಕಾರದಲ್ಲಿ ಹರಡಿ, ನಡುವೆ ಒಂದೂ ಬೇಡ. ಒಳಗೆ ಮೂರು ಚಪ್ಪಟೆ ಕಲ್ಲುಚೂರು ಅಥವಾ ಕಬ್ಬಿಣದ ಬಳೆಯ ಮೇಲೆ ತಟ್ಟೆಯಿಟ್ಟು ಅದರಲ್ಲಿ ಹಿಟ್ಟಿಡಿ. ನಡುವಿನ ಗಾಳಿಯೇ ತಳ ಸೀಯದಂತೆ ತಡೆಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಪಾತ್ರೆಯನ್ನು ಒಂದು ಕಡೆಗೂ ಮುಚ್ಚಳವನ್ನು ಅದರ ಎದುರು ಕಡೆಗೂ ಕಾಲು ಸುತ್ತು ತಿರುಗಿಸಿ. ಇಷ್ಟಾದರೂ ಒಳಗೇನಾಗಿದೆ ಎಂದು ನೋಡಬೇಕೆಂದರೆ ಕೆಂಡ ತುಂಬಿದ ಮುಚ್ಚಳ ಎತ್ತಬೇಕು. ಎತ್ತಿದಾಗಲೆಲ್ಲ ಕಾವು ಹೋಗುತ್ತದೆ, ಕೈ ಕೊಂಚ ವಾಲಿದರೂ ಬೂದಿ ನೇರ ಬ್ರೆಡ್ಡಿನ ಮೇಲೆ. ಹತ್ತು ಜನರಿಗೆ ಒಮ್ಮೆಲೇ ಬೇಕು, ವಾಹನ ಪಕ್ಕದಲ್ಲೇ ನಿಂತಿದೆ ಎಂದರೆ ಇದನ್ನೇ ತನ್ನಿ. ಐದು ಕಿಲೋ ಬೆನ್ನಿಗೆ ಹೊತ್ತು ನಡೆಯುವ ವಸ್ತು ಇದಲ್ಲ.

ಅಲ್ಯೂಮಿನಿಯಂ ತಟ್ಟೆ ಹಗುರ, ಅಗ್ಗ. ಆದರೆ ತೆಳು ಲೋಹ ಕಾವು ಹಿಡಿದಿಡದೆ ಹಾಗೇ ದಾಟಿಸುವುದರಿಂದ ಕೆಂಡವಿದ್ದಲ್ಲೆಲ್ಲ ಕರಿ ಮಚ್ಚೆ.

ಕೋಲಿಗೆ ಕಾಸು ಬೇಡ. ಹೆಬ್ಬೆರಳು ದಪ್ಪದ ಹಸಿ ಕೊಂಬೆಯ ತೊಗಟೆ ಸುಲಿದು ಮೊದಲು ಕೆಂಡದ ಮೇಲೆ ಬಿಸಿ ಮಾಡಿ, ಇಲ್ಲದಿದ್ದರೆ ಹಿಟ್ಟಿನ ಒಳಪದರ ಹಸಿಯೇ ಉಳಿಯುತ್ತದೆ. ಯಾವ ಮರವೆಂದು ಗೊತ್ತಿರಬೇಕು; ಕಣಗಿಲೆ ವಿಷ. ಹಿಟ್ಟಿಗೆ ನೀರು ಒಂದೆರಡು ಚಮಚ ಕಡಿಮೆ ಮಾಡಿ, ಕಿರುಬೆರಳು ದಪ್ಪಕ್ಕೆ ಹೊಸೆದು, ಸುತ್ತಿನಿಂದ ಸುತ್ತಿಗೆ ಸಂದು ಬಿಟ್ಟು ಸುತ್ತಿ. ಹನ್ನೆರಡು ನಿಮಿಷ ತಿರುಗಿಸುತ್ತಲೇ ಇರಬೇಕು. ಬೆಂದರೆ ತಿರುಚಿದೊಡನೆ ಕೋಲಿನಿಂದ ಕಳಚುತ್ತದೆ. ಮಕ್ಕಳಿದ್ದರೆ ಭೇಷ್, ಹೊಟ್ಟೆ ತುಂಬಿಸಲಿಕ್ಕಲ್ಲ.

ಬೂದಿಯಲ್ಲಿ ಹೂತು ಸುಡುವುದು ಆಸ್ಟ್ರೇಲಿಯದ ಡ್ಯಾಂಪರ್ ಎಂಬ ಯೀಸ್ಟ್ ಇಲ್ಲದ ಬ್ರೆಡ್ಡಿನ ಹಳೇ ಕ್ರಮ. ಬಣ್ಣ, ಪ್ಲೈವುಡ್ ಸೋಕದ ಶುದ್ಧ ಸೌದೆಯ ಬೂದಿ, ಅರ್ಧ ಗಂಟೆ, ತಟ್ಟಿದರೆ ಟೊಳ್ಳು ಸದ್ದು. ರುಚಿ ಚೆನ್ನ. ಹೊರಪದರ ಕೆರೆದು ತಿನ್ನಲು ಅಭ್ಯಂತರವಿಲ್ಲದವರು ಇದನ್ನೇ ಮಾಡಲಿ.

ಇಬ್ಬರು ಮೂವರಿಗೆ ಅಡುಗೆ, ಸಾಮಾನೆಲ್ಲ ಬೆನ್ನಮೇಲೆ ಎನ್ನುವ ನನ್ನಂಥವರಿಗೆ ಒಂದೂವರೆ ಕಿಲೋ ಆಸುಪಾಸಿನ ಬಾಣಲೆಯೇ ಗೆಲ್ಲುತ್ತದೆ. ಬೆಳಿಗ್ಗೆ ಮೊಟ್ಟೆಗೂ ಅದೇ ಆಗುತ್ತದಲ್ಲ. ಹಳೆಯದು ಸಿಕ್ಕರೆ ಬಿಡಬೇಡಿ. ತುಕ್ಕು ಉಜ್ಜಿ ತೆಗೆದು ಎಣ್ಣೆ ಸವರಿ ಕಾಯಿಸಿ ಪಳಗಿಸಿದರೆ ಹೊಸದಕ್ಕಿಂತ ಕಡಿಮೆ ಅಂಟುತ್ತದೆ. ಸಮತಟ್ಟಾದ ಜಾಗದಲ್ಲಿಟ್ಟು ತಳ ಅಲ್ಲಾಡುತ್ತದೆಯೇ, ಕೂದಲೆಳೆ ಬಿರುಕಿದೆಯೇ ಎಂದಷ್ಟೇ ನೋಡಿಕೊಳ್ಳಿ.