ಒಂದು ಒಂಟಿ ಅಲೆ, ನಾಲ್ಕು ಲೆಕ್ಕ: ಕೆಡಿವಿ, ಸಗ್ದೇವ್, ಪಿಐಸಿ, ವ್ಲಾಸೊವ್

ಭೂಮಿಯ ಕಾಂತಕ್ಷೇತ್ರದ ಹಿಡಿತದಲ್ಲಿರುವ ಪ್ರದೇಶವಾದ ಕಾಂತಗೋಳದ ಬಾಲದಲ್ಲಿ ಕೇಳಿಬರುವ ವಿದ್ಯುತ್ ಗದ್ದಲವನ್ನು ಬಹುಕಾಲ ಬರೀ ಗದ್ದಲ ಅಂತಲೇ ಎಣಿಸಿದ್ದರು. 1992ರಲ್ಲಿ ಹಾರಿದ ಜಿಯೋಟೇಲ್ ಉಪಗ್ರಹ ಅಲೆಯ ಆಕಾರವನ್ನೇ ದಾಖಲಿಸಿ ಕಳಿಸಿತು. ಆ ಗದ್ದಲದೊಳಗೆ ಸಾಲುಸಾಲಾಗಿ ಒಂಟಿ ಅಲೆಗಳಿವೆ ಎಂದು ಮತ್ಸುಮೊಟೊ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದರು. ವಿದ್ಯುತ್ ಕ್ಷೇತ್ರ ಒಮ್ಮೆ ಮೇಲೇರಿ, ಸೊನ್ನೆ ದಾಟಿ, ಹೆಚ್ಚುಕಡಿಮೆ ಅಷ್ಟೇ ಕೆಳಗಿಳಿದು ಸುಮ್ಮನಾಗುತ್ತದೆ. ಅಲ್ಲಿರುವುದು ಪ್ಲಾಸ್ಮಾ, ಅಂದರೆ ಅಯಾನು, ಎಲೆಕ್ಟ್ರಾನುಗಳ ಅನಿಲ. ಅದರಲ್ಲಿ ಏಳುವ ಇಂಥ ಅಲೆಗಳನ್ನು ಲೆಕ್ಕದಲ್ಲಿ ಹಿಡಿಯಲು ನಾಲ್ಕು ದಾರಿಗಳನ್ನು ಒಂದು ಆಯಾಮದಲ್ಲಿ ಮಾಡಿ ನೋಡಿದೆ.

ಮೊದಲು ಕೆಡಿವಿ, ಅಂದರೆ ಸಣ್ಣ ಅಲೆಗಳಿಗೆಂದು ಮೊಟಕುಗೊಳಿಸಿದ ಕೋರ್ಟೆವೆಗ್–ಡಿ ವ್ರೀಸ್ ಸಮೀಕರಣ. ತಣ್ಣನೆಯ ಅಯಾನುಗಳಿದ್ದರೆ ಉತ್ತರ ಬಾಯಿಲೆಕ್ಕ: ಮ್ಯಾಕ್ ಸಂಖ್ಯೆಯಲ್ಲಿ (ಅಲೆಯ ವೇಗ ಪ್ಲಾಸ್ಮಾದ ಅಯಾನು-ಧ್ವನಿ ವೇಗದ ಎಷ್ಟು ಪಟ್ಟು ಎಂಬುದು) 1 ಕಳೆದು ಮೂರರಿಂದ ಗುಣಿಸಿದರೆ ಅಲೆಯ ಎತ್ತರ, ಎಲೆಕ್ಟ್ರಾನ್ ತಾಪಮಾನದ ಅಳತೆಯಲ್ಲಿ. ಸಗ್ದೇವ್ ವಿಧಾನದಲ್ಲಿ ಸಮೀಕರಣಗಳನ್ನು ಮೊಟಕುಗೊಳಿಸುವುದಿಲ್ಲ. ಒಂದು ಹುಸಿ ವಿಭವದ ಗುಂಡಿ ಬರೆದು, ಅದರ ಗೆರೆ ಮತ್ತೆ ಸೊನ್ನೆ ಮುಟ್ಟುವ ಜಾಗ ಹುಡುಕಬೇಕು. ಮ್ಯಾಕ್ 1.1ಕ್ಕೆ ಕೆಡಿವಿ 0.30 ಅಂದಿತು, ಸಗ್ದೇವ್ 0.28. ಪರವಾಗಿಲ್ಲ ಅನ್ನಿಸಿತು. 1.5ಕ್ಕೆ ಏರಿಸಿದೆ. ಕೆಡಿವಿ ಕೊಟ್ಟದ್ದು 1.5, ಆದರೆ ಆ ವೇಗದ ಅಯಾನು 1.125ಕ್ಕಿಂತ ಎತ್ತರದ ದಿಬ್ಬ ಹತ್ತಲಾರದು, ಅಲ್ಲೇ ನಿಂತುಬಿಡುತ್ತದೆ. ಸಗ್ದೇವ್ ಉತ್ತರ ಸುಮಾರು 1.12, ಮ್ಯಾಕ್ 1.58 ದಾಟಿದರೆ ಇಂಥ ಅಲೆಯೇ ಇಲ್ಲ ಎಂದೂ ಅದು ಹೇಳುತ್ತದೆ. ದೊಡ್ಡ ಅಲೆಗಳಿಗೆ ಕೆಡಿವಿಯನ್ನು ನಾನು ಅಲ್ಲಿಗೇ ಕೈಬಿಟ್ಟೆ.

ಆದರೂ ಅಲೆ ಇರಬಹುದೇ ಎಂಬುದಕ್ಕೆ ಮಾತ್ರ ಸಗ್ದೇವ್ ಉತ್ತರಿಸುತ್ತದೆ. ಹೇಗೆ ಹುಟ್ಟುತ್ತದೆ, ಹುಟ್ಟಿದ್ದು ಉಳಿಯುತ್ತದೆಯೇ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಜೊತೆಗೆ, ನಾನು ಬಳಸಿದ ರೂಪದಲ್ಲಿ ಅಲೆಯೊಳಗೆ ಸಿಕ್ಕಿಬಿದ್ದು ಹಿಂದೆ ಮುಂದೆ ಓಲಾಡುವ ಎಲೆಕ್ಟ್ರಾನುಗಳಿಗೆ ಜಾಗವೇ ಇಲ್ಲ. ಜಿಯೋಟೇಲ್ ಕಂಡ ಅಲೆಗಳ ಜೀವಾಳ ಅವೇ ಎಂಬುದು ಮತ್ಸುಮೊಟೊ ತಂಡದ ವಿವರಣೆ.

ಅದಕ್ಕಾಗಿ ಕಣಗಳನ್ನೇ ಓಡಿಸುವ ಪಿಐಸಿಗೆ (ಪಾರ್ಟಿಕಲ್-ಇನ್-ಸೆಲ್) ಬಂದೆ. ಎದುರುಬದುರು ಎರಡು ಎಲೆಕ್ಟ್ರಾನ್ ಹರಿವು ಬಿಟ್ಟೆ. ಅಡ್ಡಕ್ಕೆ ಜಾಗ, ಉದ್ದಕ್ಕೆ ವೇಗ ಹಾಕಿ ನೋಡಿದರೆ ಎರಡು ಪಟ್ಟಿಗಳು ಮೊದಲು ನಡುಗುತ್ತವೆ, ಆಮೇಲೆ ಒಂದನ್ನೊಂದು ಸುತ್ತಿಕೊಂಡು ನಡುವೆ ಕಣ್ಣಿನಂಥ ಖಾಲಿ ಕುಳಿಗಳು ಮೂಡುತ್ತವೆ. ಪಕ್ಕಪಕ್ಕದ ಎರಡು ಕುಳಿ ಕೂಡಿ ಒಂದಾಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು. ಆದರೆ ಒಮ್ಮೆ ಒಟ್ಟು ಶಕ್ತಿ ತಾನಾಗಿ ಏರತೊಡಗಿತು. ಹೊಸ ಅಸ್ಥಿರತೆ ಸಿಕ್ಕಿತೆಂದು ಮೂರು ದಿನ ಅದರ ಬೆನ್ನು ಹತ್ತಿದೆ. ಗ್ರಿಡ್‌ನ ಮನೆ ಡಿಬೈ ಉದ್ದಕ್ಕಿಂತ (ಪ್ಲಾಸ್ಮಾದಲ್ಲಿ ಒಂದು ವಿದ್ಯುದಾವೇಶದ ಪ್ರಭಾವ ಮರೆಯಾಗುವ ದೂರ) ಎಷ್ಟೋ ಅಗಲವಾಗಿತ್ತು. ಪ್ಲಾಸ್ಮಾವನ್ನು ಕಾಯಿಸುತ್ತಿದ್ದದ್ದು ನನ್ನ ಗ್ರಿಡ್ಡೇ. ಕಣಗಳ ಗದ್ದಲದ್ದೂ ಒಂದು ಕಾಟ: ಅದನ್ನು ಅರ್ಧಕ್ಕಿಳಿಸಲು ಕಣಗಳನ್ನು ನಾಲ್ಕುಪಟ್ಟು ಮಾಡಬೇಕು. ಸಣ್ಣ ಅಲೆಗಳು ಅದರಲ್ಲಿ ಮುಳುಗಿಹೋಗುತ್ತವೆ.

ವ್ಲಾಸೊವ್ ಕೋಡ್‌ನಲ್ಲಿ ಕಣಗಳಿಲ್ಲ, ಯಾವ ಜಾಗದಲ್ಲಿ ಯಾವ ವೇಗದವು ಎಷ್ಟಿವೆ ಎಂಬ ಹಂಚಿಕೆಯನ್ನೇ ಅದು ಲೆಕ್ಕ ಹಾಕುತ್ತದೆ. ಹಾಗಾಗಿ ಆ ಗದ್ದಲವೂ ಇಲ್ಲ. ಕುಳಿಯ ಅಂಚು ಗೆರೆ ಎಳೆದ ಹಾಗೆ ಬರುತ್ತದೆ. ಒಂದು ಆಯಾಮದಲ್ಲಿ ನನ್ನ ಆಯ್ಕೆ ಇದೇ: ಮೊದಲು ಸಗ್ದೇವ್‌ನಿಂದ ಮಿತಿ ತಿಳಿದುಕೊಂಡು, ಆಮೇಲೆ ವ್ಲಾಸೊವ್. ಪೂರ್ತಿ ಮೂರು ಆಯಾಮಕ್ಕೆ ಹೋದರೆ ಜಾಗಕ್ಕೆ ಮೂರು, ವೇಗಕ್ಕೆ ಮೂರು ಅಕ್ಷ. ಒಂದೊಂದಕ್ಕೆ ನೂರೇ ಬಿಂದು ಇಟ್ಟರೂ ಲಕ್ಷ ಕೋಟಿ ಅಂಕಿಗಳು, 8 ಟೆರಾಬೈಟ್ ಮೆಮೊರಿ.

2015ರಲ್ಲಿ ಹಾರಿದ ನಾಸಾದ ಎಂಎಂಎಸ್‌ನ ನಾಲ್ಕು ನೌಕೆಗಳು ಒಂದೇ ಅಲೆಯನ್ನು ಬೇರೆಬೇರೆ ಜಾಗದಿಂದ ಕಂಡಾಗ ಅದರ ವೇಗದ ಜೊತೆಗೆ ಅಡ್ಡಗಲದ ಅಂದಾಜೂ ಸಿಗುತ್ತದೆ. ಆ ಅಡ್ಡಗಲಕ್ಕೆ ಒಂದು ಆಯಾಮದ ಯಾವ ಲೆಕ್ಕವೂ ಸಾಲದು. ಅಲ್ಲಿ ಗದ್ದಲವನ್ನು ಸಹಿಸಿಕೊಂಡು ಪಿಐಸಿಗೇ ಮರಳಿದ್ದೇನೆ, ಈ ಸಲ ಡಿಬೈ ಉದ್ದವನ್ನು ಮೊದಲೇ ಅಳೆದು.